ಹೊಗೆಸೊಪ್ಪಿನ ಅಂಟು

ಹಾಸನದ ಕಾಲೇಜಿನಲ್ಲಿ ಅಂಗಾಂಶ ಕೃಷಿಯ ತರಬೇತಿ ಪಡೆಯುತ್ತಿದ್ದಾಗಿನ ಸಂಗತಿಯೊಂದನ್ನು ಈ ಮೂಲಕ ನಿವೇದಿಸುತ್ತೇನೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಪ್ರಯೋಗಾಲಯದ ಕೆಲಸ ದೊರೆಯುವುದಿತ್ತು. ಹಿಂದಿನ ದಿನ ಅರಕಲಗೂಡಿನ ನಮ್ಮ ಹೊಲದಲ್ಲಿ ಹೊಗೆಸೊಪ್ಪು ಮುರಿದಿದ್ದರಿಂದ ನನ್ನ ಬೆರಳುಗಳು ಅಂಟು ಹಿಡಿದು ಕಪ್ಪಾಗಿದ್ದವು. ಪರೀಕ್ಷೆ ನಡೆಸುತ್ತಿದ್ದ ಮೇಡಂ ಪ್ರಯೋಗಾಲಯದ ಬಾಗಿಲಲ್ಲೇ ತಡೆದರು.

“ಸೋಪಲ್ಲಿ ತೊಳ್ದಿವ್ನಿ ಮೇಡಂ.”

“ಹೊಗೆಸೊಪ್ಪಿನ ರೋಗ ಆಲೂಗಡ್ಡೆ ಸಸಿಗೂ ಅಂಟ್ಕೊಳ್ತದೆ ಕಣಮ್ಮ. ಈ ಕೈಲಿ ಒಳಗೆ ಬಿಡೋಕಾಗಲ್ಲ.”

ಗಾಜಿನಾಚೆ ಸಹಪಾಠಿಗಳು ಆಲೂಗಡ್ಡೆಯ ಎಳೆಸಸಿಗಳನ್ನು ಕತ್ತರಿಸಿ ಬಾಟಲಿಗಳಲ್ಲಿ ಇಡುತ್ತಿದ್ದುದನ್ನು ಪರೀಕ್ಷೆ ಮುಗಿಯುವವರೆಗೂ ನಿಂತು ನೋಡಿದೆ. ಆಗ ದುಃಖವಾದುದಾಗಿ ನೆನಪಿಲ್ಲ. ಬಸ್ಸು ಹಿಡಿದು ಮನೆಗೆ ಹಿಂದಿರುಗಿದೆ.

ಅವ್ವ ಜಗುಲಿಯಲ್ಲಿ ಮುರಿದ ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗಳಿಗೆ ಕಟ್ಟುತ್ತಿದ್ದಳು. “ಬ್ಯಾಗ ಬಂದ್ಬುಟ್ಯಲ್ಲ, ಒಳ್ಳೇದಾಯ್ತು. ಇಲ್ಲಿ ಕೈ ಸಾಲ್ದು ಕಣವ್ವ.”

ನಾನು ಪಕ್ಕದಲ್ಲಿ ಕುಳಿತು, ಎಲೆಗಳನ್ನು ಜೋಡಿಸಿ ಕಡ್ಡಿಗೆ ಕಟ್ಟತೊಡಗಿದೆ.