ಒಗ್ಗಿದ ಮಾತ್ರೆ

ಹೆದರಿಕೆ ಅನ್ನೋದು ಕತ್ತಲಲ್ಲೇ ಬರೋದು ಅಂತ ಹೇಳೋರನ್ನ ಕಂಡರೆ ನನಗೆ ಈಗಲೂ ಮೈ ಉರಿಯುತ್ತೆ. ನನಗೆ ಬರ್ತಿದ್ದದ್ದು ಮಟಮಟ ಮಧ್ಯಾಹ್ನ, ಅಕ್ಕಪಕ್ಕದಲ್ಲಿ ಸಾಲಾಗಿ ಕೂತ ಹೆಂಗಸರು ಹಲೋ ಹಲೋ ಅಂತ ಗಂಟಲು ಹರ್ಕೊಳ್ತಿರೋವಾಗ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಎದುರಿನ ಬೋರ್ಡಿನಲ್ಲಿ ಪುಟ್ಟ ದೀಪ ಹೊತ್ತಿಕೊಂಡರೆ ವೈರಿನ ತುದಿಯನ್ನ ಅದರ ತೂತಿಗೆ ಚುಚ್ಚಬೇಕು, ಯಾರಿಗೆ ಯಾರು ಬೇಕೋ ಅವರಿಗೆ ಲೈನ್ ಕೊಡಬೇಕು, ಮೂರು ನಿಮಿಷ ಆದಮೇಲೆ ಮುಂದುವರಿಸ್ತೀರಾ ಅಂತ ಕೇಳಬೇಕು. ಸರ್ಕಾರಿ ನೌಕರಿ, ಫ್ಯಾನಿನ ಕೆಳಗೆ ಕೂತು ಮಾಡೋ ಕೆಲಸ. ನಮ್ಮ ನೆಂಟರಲ್ಲಿ ಅರ್ಧ ಜನಕ್ಕೆ ನನ್ನ ಕಂಡರೆ ಹೊಟ್ಟೆಕಿಚ್ಚು.

ಒಂದು ದಿನ ಗುಬ್ಬಿಯ ಒಂದು ಮನೆಗೆ ಬೊಂಬಾಯಿಯಿಂದ ಕಾಲ್ ಬಂತು. ಗುಬ್ಬಿಯ ಕಡೆ ಫೋನ್ ಎತ್ತಿದ್ದು ಒಬ್ಬ ತಾಯಿ. ಲೈನ್ ಹಾಳಾಗಿತ್ತು, ಆ ಕಡೆಯವನು ಎಷ್ಟು ಅರಚಿದರೂ ಆಕೆಗೆ ಒಂದಕ್ಷರ ಕೇಳಿಸ್ತಾ ಇರಲಿಲ್ಲ. ಅಂಥಾ ಹೊತ್ತಲ್ಲಿ ನಾವೇ ನಡುವೆ ಕೂತು ಆ ಕಡೆಯ ಮಾತನ್ನ ಈ ಕಡೆಗೆ ದಾಟಿಸೋದು ರೂಢಿ. ಅವನು ಹೇಳಿದ್ದನ್ನ ನಾನು ಹೇಳಿದೆ. ಅಮ್ಮಾ, ನಿಮ್ಮ ಮಗ ಹೋಗಿಬಿಟ್ಟನಂತೆ ಅಂದೆ. ಆಕೆ ಅಳಲಿಲ್ಲ. ತುಂಬಾ ಮೆತ್ತಗೆ, "ನೀನು ಯಾರು?" ಅಂತ ಕೇಳಿದಳು. ಮೂರು ನಿಮಿಷ ಆಗಿತ್ತು, ಮುಂದುವರಿಸ್ತೀರಾ ಅಂತ ಕೇಳಿದೆ.

ಅದಾಗಿ ಒಂದು ತಿಂಗಳು ಚೆನ್ನಾಗೇ ಇದ್ದೆ. ಆಮೇಲೆ ಶುರುವಾಯ್ತು ನೋಡಿ. ಬೋರ್ಡಿನಲ್ಲಿ ದೀಪ ಹೊತ್ತಿಕೊಂಡರೆ ಸಾಕು, ಎದೆ ಢವಢವ ಅನ್ನೋದು, ಅಂಗೈ ಬೆವರೋದು, ಉಸಿರು ಅರ್ಧಕ್ಕೇ ನಿಂತುಬಿಡೋದು. ಬೆನ್ನ ಹಿಂದೆ ಯಾರೋ ನಿಂತು ನನ್ನ ಬಾಯಿಂದ ಇನ್ನೊಂದು ಸಾವಿನ ಸುದ್ದಿ ಹೊರಡೋದನ್ನೇ ಕಾಯ್ತಿದಾರೆ ಅನ್ನಿಸೋದು. ತಿರುಗಿ ನೋಡಿದರೆ ಗೋಡೆ. ನನ್ನ ಗಂಡ ಗುಬ್ಬಿಯ ಒಂದು ಆಫೀಸಿನಲ್ಲಿ ಗುಮಾಸ್ತರು, ದಿನಾ ರೈಲಲ್ಲಿ ಹೋಗಿ ಬರೋರು. ಪಾಪ, ಒಳ್ಳೆಯ ಮನುಷ್ಯ. ಆದರೆ ಅವರಿಗೆ ಗೊತ್ತಿದ್ದದ್ದು ಒಂದೇ ಮಾತು, ಮನಸ್ಸು ಗಟ್ಟಿ ಮಾಡ್ಕೋ ಅನ್ನೋದು. ಮನಸ್ಸೇನು ಸಿಮೆಂಟೇನ್ರೀ ಅಂತ ನಾನು ರೇಗೋದು, ಅವರು ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಹೋಗೋದು.

ಶಿರಾ ಗೇಟ್ ಹತ್ತಿರ ಒಬ್ಬ ವಯಸ್ಸಾದ ಡಾಕ್ಟರು ಇದ್ದರು. ಬಾಯಲ್ಲಿ ಯಾವಾಗಲೂ ಒಂದು ಲವಂಗ, ಮಾತು ಕಮ್ಮಿ, ಸಿಡುಕು ಜಾಸ್ತಿ. ನಾಡಿ ಹಿಡಿದು, ಕಣ್ಣು ನೋಡಿ, ಹುಚ್ಚೂ ಇಲ್ಲ ಗಾಳಿಯೂ ಇಲ್ಲ, ನರ ಬೆದರಿದೆ ಅಷ್ಟೇ ಅಂದು ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಅಯ್ಯೋ, ಆ ಮೊದಲನೇ ದಿನವನ್ನ ಹೇಗೆ ಹೇಳಲಿ! ಒದ್ದೆ ಬಟ್ಟೆ ಬಿಚ್ಚಿ ಒಣಗಿದ ಸೀರೆ ಉಟ್ಟ ಹಾಗಾಯ್ತು. ದೀಪ ಹೊತ್ತಿಕೊಂಡರೂ ಬರೀ ದೀಪ, ಗೋಡೆ ಬರೀ ಗೋಡೆ. ಹೊತ್ತಿಗೆ ಸರಿಯಾಗಿ ಹಸಿವಾಯ್ತು.

ಮುಂದಿನ ಸಲ ಹೋದಾಗ ಡಾಕ್ಟರು ಒಗ್ಗಿದೆಯೇನಮ್ಮಾ ಅಂತ ಕೇಳಿದರು. ಒಗ್ಗಿದೆ ಸಾರ್ ಅಂದೆ. ನಿಜವಾಗಿಯೂ ಒಗ್ಗಿತ್ತು. ಆದರೆ ಒಂದು ವರ್ಷ ಆಗೋದರೊಳಗೆ ಒಂದು ಮಾತ್ರೆಗೆ ಏನೂ ಆಗ್ತಿರಲಿಲ್ಲ, ಎರಡು ಬೇಕಾಯ್ತು, ಆಮೇಲೆ ಅದೂ ಸಾಲದು. ಹೋದಾಗೆಲ್ಲ ಅವರದು ಅದೇ ಪ್ರಶ್ನೆ. ನಾನು, "ಒಗ್ಗಿಬಿಟ್ಟಿದೆ ಸಾರ್" ಅನ್ನೋಳು. ಮೈಗೆ ರೂಢಿಯಾಗಿಬಿಟ್ಟಿದೆ, ಈಗ ಕೆಲಸ ಮಾಡ್ತಿಲ್ಲ ಅಂತ ನನ್ನ ಮನಸ್ಸಿನಲ್ಲಿ. ಮೈಗೆ ಚೆನ್ನಾಗಿ ಹಿಡಿಸಿದೆ ಅಂತ ಅವರ ಕಿವಿಯಲ್ಲಿ. ಸಂತೋಷ ಅಂತ ಹೇಳಿ ಅದನ್ನೇ ಮತ್ತೆ ಬರೆದುಕೊಡೋರು. ಇಷ್ಟು ಹೇಳಿದರೂ ಏನೂ ಅನ್ನಲಿಲ್ಲವಲ್ಲ, ಜಾಸ್ತಿ ತಗೊಂಡರೆ ಪರವಾಗಿಲ್ಲ ಅಂತಲೇ ಇರಬೇಕು ಅಂದ್ಕೊಂಡು ನಾನು ಅದೇ ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ಇನ್ನಷ್ಟು ತಗೊಳ್ತಿದ್ದೆ. ಕಾಲ ಹಾಗಿತ್ತು, ಯಾರೂ ಕೇಳ್ತಿರಲಿಲ್ಲ. ಊರವರ ಮಾತನ್ನೆಲ್ಲ ಸರಿಯಾಗಿ ದಾಟಿಸೋಳು, ನನ್ನ ಒಂದು ಮಾತು ಮೇಜಿನ ಆ ಕಡೆಗೆ ದಾಟಲಿಲ್ಲ. ಹೀಗೇ ವರ್ಷಗಳು ಹೋದವು.

ಎಂಬತ್ತರ ಹೊತ್ತಿಗೆ, ಇನ್ನು ಆಗೋದೇ ಇಲ್ಲ ಅಂತ ಕೈಬಿಟ್ಟಿದ್ದಾಗ, ನಾನು ಬಸುರಿಯಾದೆ. ಡಾಕ್ಟರಿಗೆ ಹೇಳೋಕೆ ಹೋದೆ. ದಿನಕ್ಕೆ ಎಷ್ಟು ಮಾತ್ರೆ ಅಂತ ಅವರು ಕೇಳಿದರು, ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಪೆನ್ನು ಕೆಳಗಿಟ್ಟರು. ಒಗ್ಗಿದೆ ಅಂತಿದ್ರಲ್ಲಮ್ಮಾ ಅಂದರು. ಹೌದು ಸಾರ್, ಅದಕ್ಕೇ ಜಾಸ್ತಿ ತಗೊಳ್ಳೋದು ಅಂದೆ. ಇಬ್ಬರಿಗೂ ಒಟ್ಟಿಗೇ ಗೊತ್ತಾಯ್ತು. ಆ ಸಿಡುಕು ಮನುಷ್ಯ ಬೈತಾರೆ ಅಂದ್ಕೊಂಡಿದ್ದೆ. ಅವರು ಕನ್ನಡಕ ತೆಗೆದು, "ತಪ್ಪು ನಂದಮ್ಮಾ. ಎಷ್ಟು ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ" ಅಂದರು.

ಹಾಗಾದರೆ ಈ ಕ್ಷಣದಿಂದ ಮುಟ್ಟಲ್ಲ ಅಂದೆ. ಹಾಗೆ ಮಾತ್ರ ಮಾಡಬೇಡಿ ಅಂತ ಗದರಿದರು. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ತಾಯಿಗೂ ಅಪಾಯ, ಮಗುವಿಗೂ ಅಪಾಯ. ಚೂರು ಚೂರೇ ಇಳಿಸಬೇಕು, ಹೆರಿಗೆ ಹೊತ್ತಿಗೆ ಎಷ್ಟು ಕಮ್ಮಿಯಾಗುತ್ತೋ ಅಷ್ಟು ಒಳ್ಳೇದು, ವಾರಕ್ಕೊಮ್ಮೆ ಬಂದು ಮುಖ ತೋರಿಸಿ ಅಂದರು. ಗಂಡನ ಶೇವಿಂಗ್ ಬ್ಲೇಡಿನಿಂದ ಸ್ಟೀಲ್ ತಟ್ಟೆಯ ಮೇಲೆ ಮಾತ್ರೆ ಕೊಯ್ಯೋದು ಶುರುವಾಯ್ತು. ಚೂರು ಹಾರಿಹೋದರೆ ನಾವಿಬ್ಬರೂ ನೆಲದ ಮೇಲೆ ಕೂತು ಹುಡುಕೋದು. ನಗಬೇಕಾದ ದೃಶ್ಯ, ಆದರೆ ಆಗ ಯಾರೂ ನಗಲಿಲ್ಲ.

ಮಾತ್ರೆ ಇಳಿದ ಹಾಗೆಲ್ಲ ಲೋಕ ಜೋರಾಯ್ತು. ಪಾತ್ರೆ ಸದ್ದು ಹಲ್ಲಿಗೆ ತಾಗೋದು, ರವಿಕೆಯ ಹೊಲಿಗೆ ಚರ್ಮ ಕೊರೆಯೋದು, ಕೈಕಾಲೊಳಗೆ ಸಣ್ಣಗೆ ಒಂದು ನಡುಕ. ಅದು ಹೊರಗೆ ಕಾಣದು, ಒಳಗೇ ಏನೋ ಗುಂಯ್ ಅಂತಿರೋದು. ಒಂದು ಮಧ್ಯಾಹ್ನ ಬೋರ್ಡಿನ ಮುಂದೆ ಕೂತಿದ್ದೆ. ಯಾವ ದೀಪವೂ ಹೊತ್ತಿರಲಿಲ್ಲ, ವೈರು ನನ್ನ ತೊಡೆಯ ಮೇಲಿತ್ತು, ಎಲ್ಲಿಗೂ ಚುಚ್ಚಿರಲಿಲ್ಲ. ಕಿವಿಗೆ ಹಾಕಿದ್ದ ಹೆಡ್‌ಸೆಟ್ಟಿನೊಳಗೆ ಗುಬ್ಬಿಯ ಆ ತಾಯಿ, ಅದೇ ಮೆತ್ತನೆ ದನಿಯಲ್ಲಿ, ನೀನು ಯಾರು ಅಂದಳು. ನಾನು ಹೆಡ್‌ಸೆಟ್ ಕಿತ್ತು ಬಿಸಾಡಿ ಎದ್ದುಬಿಟ್ಟೆ. ಆವತ್ತೇ ಸೂಪರ್‌ವೈಸರಮ್ಮ ನನಗೆ ರಜೆ ಬರೆಸಿದರು.

ಸೀದಾ ಡಾಕ್ಟರ ಹತ್ತಿರ ಹೋಗಿ, ನನ್ನ ಕೈಲಾಗಲ್ಲ, ಮೊದಲಿನಷ್ಟೇ ಕೊಡಿ ಅಂತ ಅತ್ತೆ. ಹೊಟ್ಟೆಯಲ್ಲಿದ್ದದ್ದು ಒದೀತಾ ಇತ್ತು, ಆದರೂ ಕೇಳಿದೆ. ಬೇಕಾದರೆ ಈ ವಾರ ಇಳಿಸೋದು ಬೇಡ, ಇದ್ದಲ್ಲೇ ಇರೋಣ, ಆದರೆ ಮೇಲೆ ಮಾತ್ರ ಹತ್ತೋದು ಬೇಡ ಅಂದರು. ಆ ದನಿ ದೆವ್ವ ಅಲ್ಲ, ಮಾತ್ರೆ ಮೈ ಬಿಟ್ಟು ಹೋಗೋವಾಗ ಮಾಡೋ ಗಲಾಟೆ ಅಂತಲೂ ಹೇಳಿದರು. ನಂಬಿದೆ ಅಂತ ಹೇಳಲಾರೆ. ಆದರೆ ಮೇಲೆ ಹತ್ತಲಿಲ್ಲ.

ಮಾತ್ರೆ ಪೂರ್ತಿ ಬಿಡೋದಕ್ಕೆ ಮುಂಚೆಯೇ ನೋವು ಕಾಣಿಸ್ತು. ಇನ್ನೂ ಒಂದು ಚೂರು ಉಳಿದೇ ಇತ್ತು. ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಂತ ನಮ್ಮಮ್ಮ ಕುಣಿಗಲ್ಲಿನಿಂದ ಗಂಟುಮೂಟೆ ಸಮೇತ ಬಂದಿದ್ದಳು. ಮಗು ಮೊದಮೊದಲು ಬರೀ ನಿದ್ದೆ, ಹಾಲು ಚೀಪೋಕೂ ಸೋಮಾರಿತನ. ಎಂಥಾ ಸಾಧು ಕೂಸು ಕಣೇ ಅಂತ ಅಮ್ಮ ಕೊಂಡಾಡಿದಳು. ನನಗೆ ಮಾತ್ರ ಎದೆಯಲ್ಲಿ ಅಳುಕು.

ಎರಡು ಮೂರು ದಿನ ಕಳೆದ ಮೇಲೆ ಅಳು ಶುರುವಾಯ್ತು. ಹಸಿವಿನ ಅಳುವಲ್ಲ. ತೆಳ್ಳಗೆ, ಮೊನಚಾಗಿ, ಉಸಿರು ಕಟ್ಟೋ ತನಕ. ಕೈಯ ಪುಟ್ಟ ಮುಷ್ಟಿ ಗಡಗಡ ನಡುಗೋದು, ಗಲ್ಲ ನಡುಗೋದು, ಲೋಟ ಕೆಳಗಿಟ್ಟ ಸದ್ದಿಗೆ ಇಡೀ ಮೈ ಬೆಚ್ಚಿ ಬೀಳೋದು. ಅಮ್ಮ ಚಳಿ ಅಂತ ಹೇಳಿ ಇನ್ನೊಂದು ಬಟ್ಟೆ ಸುತ್ತಿದಳು. ಆಮೇಲೆ ಯಾರದೋ ಕೆಟ್ಟ ಕಣ್ಣು ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ನಾನು ಆ ಮುಷ್ಟಿಯನ್ನ ಕೈಯಲ್ಲಿ ಹಿಡಿದೆ. ಹಿಡಿದ ತಕ್ಷಣ ಗೊತ್ತಾಯ್ತು. ಆ ನಡುಕ ನನಗೆ ಚೆನ್ನಾಗಿ ಪರಿಚಯ ಇತ್ತು.

ಹೇಳಿಕಳಿಸಿದ್ದಕ್ಕೆ ಶಿರಾ ಗೇಟಿನ ಡಾಕ್ಟರು ಬಂದರು. ಮಗುವಿನ ಮುಷ್ಟಿ ಬಿಡಿಸಿ ನೋಡಿದರು. ನಾನೇ ಕೇಳಿದೆ.

"ಇದೂ ಬಿಡ್ತಾ ಇದೆಯಾ ಸಾರ್?"

"ಹೂಂನಮ್ಮಾ. ನಿಮ್ಮ ಜೊತೆ ಇದೂ ಮಾತ್ರೆ ತಗೊಳ್ತಿತ್ತಲ್ಲ. ನೀವು ಅಷ್ಟು ಇಳಿಸಿದ್ದಕ್ಕೆ ಇಷ್ಟಕ್ಕೇ ನಿಂತಿದೆ."

ಬದುಕುತ್ತೆ, ಹಾಲು ಕುಡಿಸೋದು ನಿಲ್ಲಿಸಬೇಡಿ, ಸದ್ದು ಬೆಳಕು ಕಮ್ಮಿ ಮಾಡಿ, ಎದೆಗೆ ಅವಚಿಕೊಂಡಿರಿ ಅಂದರು. ಅಲ್ಲಿನ ಮಕ್ಕಳ ಡಾಕ್ಟರಿಗೂ ಹೇಳಿ, ದಿನಾ ತಾವೂ ಬಂದು ನೋಡ್ತಿದ್ದರು. ಕಿಟಕಿಗೆ ಸೀರೆ ಕಟ್ಟಿ ಅವಳನ್ನ ಎತ್ಕೊಂಡು ಕೂತೆ. ನನಗಾದರೆ ಗದರೋಕೆ ಡಾಕ್ಟರಿದ್ದರು, ಚೂರು ಹುಡುಕೋಕೆ ಗಂಡ ಇದ್ದರು, ಯಾಕೆ ಹೀಗಾಗ್ತಿದೆ ಅಂತ ತಿಳಿಯೋಕೆ ಬುದ್ಧಿ ಇತ್ತು. ಅವಳಿಗೆ ಮಾತೂ ಗೊತ್ತಿಲ್ಲ, ಹೆಸರೂ ಇಟ್ಟಿರಲಿಲ್ಲ. ಗೊತ್ತು ಕಣೇ, ನಂಗೊತ್ತು, ನಂಗೊತ್ತು ಅಂತ ಅವಳ ನೆತ್ತಿಗೆ ಬಾಯಿಟ್ಟು ಹೇಳ್ತಾನೇ ಇದ್ದೆ. ಇವಳಿಗೇನು ತಲೆ ಕೆಟ್ಟಿದೆಯಾ ಅನ್ನೋ ಹಾಗೆ ಅಮ್ಮ ನೋಡ್ತಿದ್ದಳು.

ಕೆಲವು ವಾರಗಳಲ್ಲಿ ಅವಳ ನಡುಕ ನಿಂತಿತು. ನನ್ನ ಕೊನೆಯ ಚೂರು ಹೋಗೋಕೆ ಇನ್ನೂ ತುಂಬಾ ದಿನ ಹಿಡಿಯಿತು. ಅವಳು ಚೆನ್ನಾಗಿ ಬೆಳೆದಳು, ಓದಿದಳು, ಈಗ ಮೂರು ಜನರಿಗಾಗುವಷ್ಟು ಮಾತಾಡ್ತಾಳೆ. ಆದರೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಇವತ್ತಿಗೂ ಕೂತಲ್ಲೇ ಬೆಚ್ಚಿ ಬೀಳ್ತಾಳೆ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಅಂತ ಡಾಕ್ಟರು ಬದುಕಿದ್ದಾಗಲೇ ಹೇಳಿದ್ದರು, ನಾನೂ ಹಾಗೇ ಹೇಳ್ಕೊಳ್ತೀನಿ. ಅವಳು ಬೆಚ್ಚಿದಾಗ ಮನೆಯಲ್ಲಿ ಎಲ್ಲರೂ ನಗ್ತಾರೆ, ಅವಳೂ ನಗ್ತಾಳೆ. ನಾನು ಎದ್ದು ಹೋಗಿ ಒಲೆ ಆರಿಸಿ ಬರ್ತೀನಿ.