ಸೂಜಿಯಮ್ಮನ ಐಸ್‌ಕ್ರೀಮ್ ಡಬ್ಬಿ

ವರಲಕ್ಷ್ಮಮ್ಮನವರು ಹುಟ್ಟಿದ್ದು ಮಾಗಡಿಯಲ್ಲಿ, ಬಾಳಿದ್ದು ಚನ್ನಪಟ್ಟಣದಲ್ಲಿ. ಮಾಗಡಿಗೆ ರೈಲಿಲ್ಲವಾದ್ದರಿಂದ ಮದುವೆಯಾಗಿ ಬಂದ ದಿನವೇ ಅವರು ಮೊದಲ ಸಲ ರೈಲು ನೋಡಿದ್ದು. ಗಂಡನ ಮನೆ ಹಳಿಯ ಪಕ್ಕದಲ್ಲೇ ಇದ್ದುದರಿಂದ ಆ ವಾರವೇ ರೈಲು ಸಾಕಾಗಿ ಹೋಯಿತು. ಗಂಡ ಗಂಗಯ್ಯ ಲೇತಿನ ಮೇಲೆ ಮರದ ಆಟದ ಸಾಮಾನು ಕಡೆಯುವವರು. ಮಾತು ಕಡಿಮೆ, ಮರದ ಪುಡಿ ಜಾಸ್ತಿ.

ವರಲಕ್ಷ್ಮಮ್ಮ ಆರೋಗ್ಯ ಇಲಾಖೆಯಲ್ಲಿ ಸಹಾಯಕಿಯಾಗಿ ಸೇರಿ, ಹೆಗಲಿಗೊಂದು ನೀಲಿ ಪೆಟ್ಟಿಗೆ ತೂಗುಹಾಕಿಕೊಂಡು ತಾಲ್ಲೂಕಿನ ಹಳ್ಳಿಗಳನ್ನೆಲ್ಲ ನಡೆದರು. ಪೆಟ್ಟಿಗೆಯ ಒಳಗೆ ಐಸು, ಐಸಿನ ನಡುವೆ ಲಸಿಕೆ. ನಾವು ಓದಿದ ಕಾನ್ವೆಂಟಿಗೂ ಬರುತ್ತಿದ್ದರು. ಬಿಳಿ ಸೀರೆಯ ಸಿಸ್ಟರುಗಳಿಗೆ ಹೆದರುವುದರಲ್ಲೇ ನಮ್ಮ ದಿನ ಕಳೆಯುತ್ತಿತ್ತು. ಅಂಥ ಕಡೆಗೆ ಸೂಜಿ ಹಿಡಿದ ಇನ್ನೊಬ್ಬ ಸಿಸ್ಟರ್. ಪೋಲಿಯೊಗೆ ಎರಡು ಹನಿ ಹಾಕಿದ್ದನ್ನು ಯಾವ ಮಗುವೂ ನೆನಪಿಟ್ಟುಕೊಳ್ಳಲಿಲ್ಲ, ಚುಚ್ಚಿದ್ದನ್ನು ಯಾವ ಮಗುವೂ ಮರೆಯಲಿಲ್ಲ. ಊರು ಅವರಿಗೆ ಸೂಜಿಯಮ್ಮ ಎಂದು ಹೆಸರಿಟ್ಟಿತು.

ಅವರು ನಿವೃತ್ತರಾದರೂ ಹೆಸರಿಗೆ ನಿವೃತ್ತಿ ಸಿಗಲಿಲ್ಲ. ಅವರ ಕೈಯಲ್ಲಿ ಚುಚ್ಚಿಸಿಕೊಂಡ ಹುಡುಗಿಯರೇ ಈಗ ತಾಯಂದಿರು. ಮಗು ಮುದ್ದೆ ನುಂಗದಿದ್ದರೆ, ‘ಬಾಯ್ ತೆಗಿ, ಇಲ್ದಿದ್ರೆ ಸೂಜಿಯಮ್ಮನ್ನ ಕರೀತೀನಿ’ ಎನ್ನುವುದು ಬೀದಿಯ ವಾಡಿಕೆ. ಸೂಜಿಯನ್ನೇ ನೋಡದ ಮಕ್ಕಳೂ ಅವರು ಹಾಲು ತರಲು ಹೊರಟರೆ ಬಾಗಿಲ ಹಿಂದೆ ಸೇರುತ್ತಿದ್ದರು. ವರಲಕ್ಷ್ಮಮ್ಮ ನಗುತ್ತಿದ್ದರು. ಆದರೆ ಒಂದು ದಿನ ಎದುರುಮನೆ ಮಾರಕ್ಕನ ಮೊಮ್ಮಗಳು, ಅವರು ಕೊಟ್ಟ ಬಾಳೆಹಣ್ಣನ್ನು ಬಿಸಾಡಿ ಓಡಿದಾಗ ನಗಲಿಲ್ಲ. ಒಳಗೆ ಬಂದು ಗಂಡನಿಗೆ ಹೇಳಿದರು: ‘ಮೂವತ್ತು ವರ್ಸ ಮಕ್ಕಳು ನನ್ನ ಪೆಟ್ಗೆ ಕಂಡ್ರೆ ಓಡೋದ್ವು. ಅವೇ ಹುಡುಕ್ಕೊಂಡ್ ಬರೋ ಅಂತಾ ಒಂದು ಪೆಟ್ಗೆ ಮಾಡಿ ಸಾಯ್ತೀನಿ.’

‘ಮಾಡು. ಸಾಯೋದೊಂದು ಬುಟ್ಟು’ ಎಂದರು ಗಂಗಯ್ಯ.

ಐಸ್‌ಕ್ರೀಮ್ ಹುಟ್ಟಿದ್ದು ಹೀಗೆ. ಹಾಲನ್ನು ಅರ್ಧಕ್ಕೆ ಇಂಗಿಸಿ, ಕೆನೆ ಸೇರಿಸಿ, ರಸಪುರಿ ಮಾವಿನ ತಿರುಳು ಹಾಕಿ, ನಡುನಡುವೆ ಹೊರತೆಗೆದು ಕಡೆದು ಮತ್ತೆ ಫ್ರೀಜರಿಗೆ ಇಡುವುದು. ರುಚಿಗೆ ಯಾರೂ ಹೆಸರಿಡಲಿಲ್ಲ. ಪೇಟೆಬೀದಿಯ ಬೇಕರಿಯ ದಿಲ್ಶಾದ್ ಕೂಡ ತಿಂದು ತಲೆಯಾಡಿಸಿದ. ಅವನು ಹೊಸದಾಗಿ ಗಾಜಿನ ಮುಚ್ಚಳದ ದೊಡ್ಡ ಫ್ರೀಜರ್ ತರಿಸಿದ್ದ. ಶಾಲೆ ಬಿಟ್ಟ ಮಕ್ಕಳೆಲ್ಲ ಆ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ವರಲಕ್ಷ್ಮಮ್ಮನಿಗೆ ಬೇಕಾದ ಪೆಟ್ಟಿಗೆ ಅದೇ.

‘ಇಡ್ತೀನಿ ಅಮ್ಮ’ ಎಂದ ದಿಲ್ಶಾದ್. ‘ಆದ್ರೆ ಒಂದು ವಾರ ನನ್ ಫ್ರೀಜರ್‌ನಾಗೆ ಇದ್ದು, ತೆಗ್ದಾಗ ಹಿಂಗೇ ಇರ್ಬೇಕು. ಮ್ಯಾಲೆ ಐಸು ಕಟ್ಟಿದ್ರೆ ಮಕ್ಳು ನನ್ನ ಮಕಕ್ಕೇ ಉಗೀತವೆ.’

‘ಚಿಕ್ಕೋನಾಗಿದ್ದಾಗ ನಾನು ಬಂದ್ರೆ ಮೈದಾ ಡ್ರಮ್ಮಿನ ಹಿಂದೆ ಅವುತ್ಕೊತಿದ್ದೆ. ಈವಾಗ ಕಂಡೀಸನ್ ಹಾಕ್ತಿಯೇನ್ಲಾ?’

‘ಅದ್ಕೇ ಅಮ್ಮ ಕಂಡೀಸನ್ನು. ಸೇಡು’ ಎಂದ ದಿಲ್ಶಾದ್.

ಕಷ್ಟ ಇದ್ದದ್ದು ಐಸ್‌ಕ್ರೀಮಿನಲ್ಲಲ್ಲ, ಅದನ್ನು ಇಡುವುದರಲ್ಲಿ. ಮೊದಲು ಸ್ಟೀಲಿನ ದುಂಡು ಡಬ್ಬಿ. ಆಳ ಜಾಸ್ತಿ; ಅಂಚು ಕಲ್ಲಾದರೂ ನಡುವೆ ಪಾಯಸ. ಆಮೇಲೆ ಹಾಲಿನ ಪುಡಿಯ ಗಾಜಿನ ಸೀಸೆ. ಕುತ್ತಿಗೆವರೆಗೆ ತುಂಬಿದ್ದರು, ಹೆಪ್ಪುಗಟ್ಟಿ ಉಬ್ಬಿದ ಐಸ್‌ಕ್ರೀಮು ಸೀಸೆಯನ್ನೇ ಸೀಳಿತು. ಉಳಿದದ್ದು ಮನೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಗಳು. ನಮ್ಮ ಕಡೆ ಒಬ್ಬರ ಮನೆಯ ಪಾತ್ರೆಯನ್ನು ಇನ್ನೊಬ್ಬರು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಇಲ್ಲಿಂದ ಕೋಸಂಬರಿ ಹೋದರೆ ಅಲ್ಲಿಂದ ಉಪ್ಸಾರಿನ ಖಾರ ಬರುತ್ತದೆ. ಮಾರಕ್ಕನ ಮನೆಗೆ ಹೋಗಿ ಬಂದ ಡಬ್ಬಿಗಳಲ್ಲಿ ಬೆಳ್ಳುಳ್ಳಿ ಖಾರದ ವಾಸನೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಆ ಡಬ್ಬಿಯ ಮಾವಿನ ಐಸ್‌ಕ್ರೀಮನ್ನು ಗಂಗಯ್ಯ ಒಂದು ಚಮಚ ತಿಂದು, ‘ಚೆನ್ನಾಗೈತೆ, ಒಂದು ಮುದ್ದೆ ಹಾಕು’ ಎಂದರು.

ಹೊಸ ಡಬ್ಬಿ ಕೊಳ್ಳೋಣವೆಂದು ವರಲಕ್ಷ್ಮಮ್ಮ ಚೀಲ ಹಿಡಿದು ಹೊರಟಾಗ ಗಂಗಯ್ಯ ಲೇತ್ ನಿಲ್ಲಿಸಿದರು. ಅವರು ಲೇತ್ ನಿಲ್ಲಿಸಿದರೆ ವಿಷಯ ಗಂಭೀರ ಎಂದರ್ಥ.

‘ಚನ್ನಪಟ್ಣದಾಗಿದ್ಕಂಡು ಡಬ್ಬಿ ಕೊಳ್ಳಕ್ಕೆ ಹೊಂಟವ್ಳೆ. ನಮ್ಮೂರ ಕುಂಕುಮದ ಭರಣಿ ದೇಸಾನೇ ತಗೊತದೆ. ನಿನ್ನ ಐಸ್‌ಕ್ರೀಮ್ ಅದ್ಕಿಂತ ಹೆಚ್ಚಾ?’

‘ಕುಂಕುಮವ ಯಾರೂ ಫ್ರೀಜರಿಗೆ ಇಡಕ್ಕಿಲ್ಲ.’

‘ಮರ ಅಂದ್ರೆ ಬಿಸಿನೂ ಬುಡಲ್ಲ, ತಣ್ಣನೂ ಬುಡಲ್ಲ. ಅರಗು ಹಾಕಿದ್ರೆ ನೀರೂ ಇಳಿಯಕ್ಕಿಲ್ಲ. ಮಕ್ಳು ಬಾಯಿಗಿಟ್ಕೊಂಡ್ರೂ ಏನೂ ಆಗಕ್ಕಿಲ್ಲ, ಅರಿಶಿಣ, ನೀಲಿ ಗಿಡದ ಬಣ್ಣ ಅದು.’

ಮಾತೇ ಆಡದ ಮನುಷ್ಯ ಇಷ್ಟು ಮಾತಾಡಿದ ಮೇಲೆ ಬೇಡವೆನ್ನಲು ವರಲಕ್ಷ್ಮಮ್ಮನಿಗೆ ಮನಸ್ಸು ಬರಲಿಲ್ಲ. ಲಸಿಕೆಯ ತಂಪು ಕಾಯ್ದವರಿಗೆ ಮರದ ಮೇಲೆ ಅನುಮಾನವಿತ್ತು. ಆದರೆ ಅನುಮಾನಕ್ಕಿಂತ ಸಂಸಾರ ಹಳೆಯದು. ಗಂಗಯ್ಯ ಆಟದ ಸಾಮಾನಿಗೆ ಬಳಸುವ ಆಲೆಮರ ಆರಿಸಿ, ಅಂಗೈ ಅಗಲದ ಡಬ್ಬಿ ಕಡೆದು, ಮುಚ್ಚಳಕ್ಕೆ ತಿರುಪು ಹಾಕಿ, ಕೆಂಪು ಅರಗು ಕರಗಿಸಿ ಹಚ್ಚಿ, ತಾಳೆಗರಿಯಿಂದ ಉಜ್ಜಿ ಮುಖ ಕಾಣುವಂತೆ ಹೊಳಪು ಕೊಟ್ಟರು. ಹೊರಗಿನ ಅರಗು ಕರಗದಿದ್ದರೆ ಒಳಗಿನದೂ ಕರಗದು ಎಂಬುದು ಅವರ ಸಿದ್ಧಾಂತ. ವರಲಕ್ಷ್ಮಮ್ಮ ಅಗಲ ತಟ್ಟೆಯಲ್ಲಿ ಅರೆಬರೆ ಹೆಪ್ಪುಗಟ್ಟಿಸಿದ ಐಸ್‌ಕ್ರೀಮನ್ನು ಡಬ್ಬಿಗೆ ಒತ್ತಿ, ಗಾಳಿಗೆ ಜಾಗವೇ ಇರದಂತೆ ಅಂಚಿನವರೆಗೆ ತುಂಬಿದರು. ಸೀಸೆ ಕಲಿಸಿದ ಪಾಠವನ್ನು ಡಬ್ಬಿಯ ಚಂದ ಮರೆಸಿತ್ತು. ದಿಲ್ಶಾದ್ ಅದನ್ನು ತನ್ನ ಫ್ರೀಜರಿನ ನಡುವೆ, ದೇವರ ಮೂರ್ತಿಯಂತೆ ಇಟ್ಟ.

ವಾರ ಕಳೆದ ಮೇಲೆ ಒಂದು ಸಂಜೆ ಗಂಡಹೆಂಡತಿ ಬೇಕರಿಗೆ ಹೋದರು. ದಿಲ್ಶಾದ್ ಡಬ್ಬಿ ತೆಗೆದು ತಿರುಗಿಸಿದ. ಮುಚ್ಚಳ ತಿರುಗಲಿಲ್ಲ. ಬಟ್ಟೆ ಹಿಡಿದು ತಿರುಗಿಸಿದ. ಬಟ್ಟೆ ತಿರುಗಿತು. ಉಬ್ಬಿದ ಐಸ್‌ಕ್ರೀಮು ತಿರುಪಿನ ಒಳಗೇ ನುಗ್ಗಿ ಗಟ್ಟಿಯಾಗಿತ್ತು. ತೇವ ಕುಡಿದ ಮರವೂ ಅದನ್ನು ಅಪ್ಪಿ ಹಿಡಿದಿತ್ತು.

‘ಕೊಡ್ಲಾ ಇಲ್ಲಿ’ ಎಂದು ಗಂಗಯ್ಯ ಎದೆಗೊತ್ತಿಕೊಂಡು ತಿರುಗಿಸಿದರು. ತಿರುಗಿದ್ದು ಅವರೇ.

‘ಬಿಸಿನೀರು ಹುಯ್ಯೋಣ’ ಎಂದು ದಿಲ್ಶಾದ್ ಚಹಾದ ಕೆಟಲ್ ಎತ್ತಿದ. ಕೆಂಪು ಅರಗು ಮೆತ್ತಗಾಗಿ ಅವನ ಹತ್ತು ಬೆರಳಿಗೂ ಮೆಹಂದಿ ಹಾಕಿತು. ಮುಚ್ಚಳ ಕದಲಲಿಲ್ಲ. ಹೊರಗಿಟ್ಟು ಕಾದರೆ ತಾನಾಗಿಯೇ ಬಿಡುತ್ತಿತ್ತು, ಆದರೆ ಆಗ ಐಸ್‌ಕ್ರೀಮು ಕರಗಿ ಪರೀಕ್ಷೆಯೇ ಮುಗಿಯುತ್ತಿತ್ತು. ಗಟ್ಟಿಯಾಗಿದ್ದಾಗಲೇ ತೆರೆಯಬೇಕು. ವರಲಕ್ಷ್ಮಮ್ಮ ಗಂಡನ ಮುಖ ನೋಡಿದರು. ಗಂಗಯ್ಯ ಡಬ್ಬಿಯನ್ನು ಅವರ ಸೆರಗಿನಲ್ಲಿ ಸುತ್ತಿಸಿ, ಮನೆಯ ಕಡೆ ಬಿರುಸಾಗಿ ನಡೆದರು. ಹಿಂದೆ ಡಬ್ಬಿ ಹೊತ್ತ ಹೆಂಡತಿ, ಅವರ ಹಿಂದೆ ಕೆಂಪು ಕೈಯ ದಿಲ್ಶಾದ್. ನೋಡಿದವರು ಕೊಲೆ ಎಂದುಕೊಂಡಿರಬೇಕು.

ಗಂಗಯ್ಯ ಡಬ್ಬಿಯನ್ನು ಲೇತಿಗೆ ಕಚ್ಚಿಸಿ ಸ್ವಿಚ್ ಹಾಕಿದರು. ತಾವೇ ಹೊಳಪು ಕೊಟ್ಟ ಮುಚ್ಚಳದ ಕುತ್ತಿಗೆಗೆ ಉಳಿ ಹಿಡಿದರು. ಕೆಂಪು ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದಿತು. ಪ್ರಪಂಚದಲ್ಲಿ ಎಲ್ಲಿಯೂ ಐಸ್‌ಕ್ರೀಮನ್ನು ಲೇತಿನ ಮೇಲೆ ತೆರೆದಿರಲಾರರು. ಟಕ್ ಎಂದು ಮುಚ್ಚಳ ಬಿತ್ತು. ಗಂಗಯ್ಯ ಅಭ್ಯಾಸಬಲದಿಂದ ಪುಡಿಯನ್ನು ಬಾಯಲ್ಲಿ ಊದಿದರು.

ಮೇಲ್ಪದರವನ್ನು ಕೆರೆದು ಬಿಸಾಡಿ, ವರಲಕ್ಷ್ಮಮ್ಮ ನಡುವಿನಿಂದ ಒಂದು ಚಮಚ ತೆಗೆದು ದಿಲ್ಶಾದನ ಬಾಯಿಗೆ ಹಿಡಿದರು. ಅವನು ಕಣ್ಣು ಮುಚ್ಚಿ ಬಾಯಿ ತೆರೆದ, ಲಸಿಕೆಯ ದಿನಗಳಂತೆ.

‘ಐಸು ಕಟ್ಟಿಲ್ಲ ಅಮ್ಮ. ಬೆಣ್ಣೆ ಇದ್ದಂಗೈತೆ.’

‘ಅಂಗಾದ್ರೆ ಇಡ್ತೀಯಾ?’

‘ಐಸ್‌ಕ್ರೀಮ್ ಇಡ್ತೀನಿ. ಡಬ್ಬಿ ಇಡ್ಬೇಕಾದ್ರೆ ಬೇಕ್ರೀಲಿ ಗಂಗಣ್ಣನ್ನೂ ಲೇತನ್ನೂ ಇಡ್ಬೇಕಾಯ್ತದೆ.’

ಗಂಗಯ್ಯ ಮುಚ್ಚಳವನ್ನು ತಿರುವಿ ತಿರುವಿ ನೋಡುತ್ತಿದ್ದರು. ವರಲಕ್ಷ್ಮಮ್ಮನಿಗೆ ಈಗ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು, ಮತ್ತು ಆರಿಸುವುದನ್ನು ಗಂಡನ ಎದುರಿನಲ್ಲೇ ಹೇಳಬೇಕಿತ್ತು. ‘ನಾಳೆ ಪ್ಲಾಸ್ಟಿಕ್ ತತ್ತೀನಿ’ ಎಂದರು. ‘ನಿಮ್ಮ ಡಬ್ಬಿ ಚೆನ್ನಾಗೈತೆ. ಜಾಸ್ತಿ ಚೆನ್ನಾಗೈತೆ. ತುಂಬ್ದೋಳು ನಾನು, ತಪ್ಪು ನಂದು. ಆದ್ರೆ ಮಕ್ಳು ಕಾಯಕ್ಕಿಲ್ಲ.’

ಆ ವಾರ ಮನೆಯಲ್ಲಿ ಶೀತಲ ಸಮರ. ಫ್ರಿಜ್ ಒಂದೇ ಬೆಚ್ಚಗಿತ್ತು. ಗಂಗಯ್ಯ ಊಟಕ್ಕೆ ಬಂದು, ಉಂಡು, ಎದ್ದು ಹೋಗುತ್ತಿದ್ದರು. ವರಲಕ್ಷ್ಮಮ್ಮ ಅಗಲವಾದ, ಎತ್ತರ ಕಡಿಮೆಯ, ನಾಲ್ಕೂ ಬದಿ ಕ್ಲಿಪ್ ಕೂರುವ ಬಿಳಿ ಡಬ್ಬಿಗಳನ್ನು ತಂದರು. ಅಗಲವಿದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಚಮಚವೂ ಸಲೀಸಾಗಿ ಇಳಿಯುತ್ತದೆ. ಅಂಚಿಗೆ ಒಂದು ಬೆರಳು ಜಾಗ ಬಿಟ್ಟರು. ಆ ಜಾಗದ ಗಾಳಿಯ ತೇವ ಐಸಾಗದಂತೆ ಬೆಣ್ಣೆ ಕಾಗದವನ್ನು ಐಸ್‌ಕ್ರೀಮಿನ ಮೈಗೇ ಅಂಟಿಸಿ ಮುಚ್ಚಿದರು. ಈ ಡಬ್ಬಿಗಳು ಯಾರ ಮನೆಗೂ ಹೋಗಕೂಡದೆಂದು ಮಾರಕ್ಕನಿಗೆ ಮೊದಲೇ ತಿಳಿಸಿದರು. ‘ನಿನ್ನ ಡಬ್ಬಿ ಯಾವಳಿಗೆ ಬೇಕು, ಐಸ್‌ಕ್ರೀಮ್ ಕಳಿಸು ಸಾಕು’ ಎಂದಳು ಮಾರಕ್ಕ.

ದಿಲ್ಶಾದ್ ಹೊಸ ಡಬ್ಬಿಗಳನ್ನೂ ವಾರ ಇಟ್ಟು, ಕ್ಲಿಪ್ ತೆಗೆದು, ಕಾಗದ ಸುಲಿದು ನೋಡಿದ. ಮೇಲ್ಮೈ ನುಣ್ಣಗಿತ್ತು. ಬೇಕರಿಯ ಮುಂದೆ ‘ಸೂಜಿಯಮ್ಮನ ಐಸ್‌ಕ್ರೀಮ್’ ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದ. ವರಲಕ್ಷ್ಮಮ್ಮ ಬಂದು ಜಗಳವಾಡಿದರು: ‘ಹೆಸ್ರು ಬದ್ಲಾಯಿಸ್ಬೇಕು ಅಂತ ನಾನು ಒದ್ದಾಡಿದ್ರೆ ಅದನ್ನೇ ಬೋರ್ಡ್ ಹಾಕ್ತಿಯೇನ್ಲಾ?’

‘ಬೇರೆ ಹೆಸ್ರು ಬರೆದ್ರೆ ಯಾರ್ದು ಅಂತ ಗೊತ್ತಾಗಕ್ಕಿಲ್ಲ ಅಮ್ಮ.’

ಮೊದಲ ದಿನ ಮಕ್ಕಳು ಬೋರ್ಡು ಓದಿ ದೂರ ನಿಂತರು. ಮಾರಕ್ಕನ ಮೊಮ್ಮಗಳು, ಅಜ್ಜಿಯ ಸೆರಗಿನ ಹಿಂದಿನಿಂದ ಕೈ ಚಾಚಿ ಒಂದು ಕಪ್ ತೆಗೆದುಕೊಂಡಳು. ತಿಂದಳು. ಮರುದಿನ ಸೆರಗಿಲ್ಲದೆ ಬಂದಳು. ಮಾವಿನ ಕಾಲ ಮುಗಿಯುವ ಹೊತ್ತಿಗೆ ವರಲಕ್ಷ್ಮಮ್ಮ ಡಬ್ಬಿಗಳ ಚೀಲ ಹಿಡಿದು ಬೀದಿಗಿಳಿದರೆ ಬಾಗಿಲುಗಳ ಹಿಂದೆ ಯಾರೂ ಇರುತ್ತಿರಲಿಲ್ಲ. ಮಕ್ಕಳೆಲ್ಲ ಅವರ ಹಿಂದೆ ಇರುತ್ತಿದ್ದರು. ಗಂಗಯ್ಯ ಲೇತಿನಿಂದ ತಲೆ ಎತ್ತಿ ಆ ಮೆರವಣಿಗೆಯನ್ನು ನೋಡಿ, ‘ಇನ್ನೊಂದು ಚೀಲ ನಾನು ಹಿಡ್ಕತೀನಿ ಕೊಡು’ ಎಂದು ಎದ್ದು ಬಂದರು.

ಒಂದು ಬೆಳಿಗ್ಗೆ ಮಾರಕ್ಕನ ಸೊಸೆ ಬಂದು ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಮುದ್ದೆಯ ತಟ್ಟೆ, ಮುಖದಲ್ಲಿ ದೂರು.

‘ಅಕ್ಕ, ಹಿಂಗಾದ್ರೆ ನಾವು ಬದುಕೋದೆಂಗೆ? ಮಗ್ಳು ಉಣ್ಣಕ್ಕಿಲ್ಲ ಅಂತವ್ಳೆ. ನಿಮ್ಮ ಹೆಸರೇಳಿದ್ರೆ ಚಪ್ಪಲಿ ಮೆಟ್ಕಂಡು, ನಡಿಯವ್ವ ಹೋಗಾಣ ಅಂತಾಳೆ. ಇನ್ಯಾರ ಹೆಸರೇಳಿ ಎದ್ರಿಸಾಣ?’

ವರಲಕ್ಷ್ಮಮ್ಮ ಬೆಣ್ಣೆ ಕಾಗದ ಕತ್ತರಿಸುತ್ತಿದ್ದವರು ಕತ್ತರಿ ಕೆಳಗಿಡಲಿಲ್ಲ.

‘ಬ್ಯಾರೆ ಯಾರನ್ನಾರ ನೋಡ್ಕೊ ಕಣವ್ವ’ ಎಂದರು. ‘ನಾನು ರಿಟೈರ್ ಆದೆ.’