ಹತ್ತನೆಯ ಹೆಸರು

ದನದ ಮೂಗಿನಲ್ಲಿ ಹತ್ತಿಯ ಕಡ್ಡಿ ತೂರಿಸಿ ಹೊಟ್ಟೆ ಹೊರೆಯುವವಳು ನಾನು. ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಮಾತು ತೆಗೆದರೆ ಮೊದಲಿನಿಂದಲೂ ನನಗೆ ಸಿಟ್ಟು ಬರುತ್ತದೆ. ಗುಡಗೇರಿಯಲ್ಲಿ ನಮ್ಮ ಮನೆ ಇದ್ದದ್ದು ಸ್ಟೇಷನ್ನಿನ ಹಿಂದೆ. ಹಳಿಯ ಆಚೆ ಹುಣಸೆಮರದಲ್ಲಿ ಏನೋ ಇದೆ ಎಂದು ಓಣಿಯೆಲ್ಲ ಹೆದರುತ್ತಿದ್ದಾಗ ನಾನು ಅದೇ ಮರದ ಕಾಯಿ ಬಡಿದು ತಿಂದವಳು. ಹಾಗಾಗಿ ಇದನ್ನು ಬರೆಯಲು ಇಷ್ಟು ವರ್ಷ ಕೈ ಬರಲಿಲ್ಲ. ಈಗಲೂ ನಂಬಿ ಎಂದು ನಿಮಗೆ ಹೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದನಗಳಿಗೆ ಹರ್ಪಿಸ್ ಬಳಗದ ಒಂದು ವೈರಸ್ಸು ತಗಲುತ್ತದೆ. ಗಬ್ಬದ ಆಕಳು ದಿನ ತುಂಬುವ ಮುಂಚೆಯೇ ಕಂದು ಹಾಕುತ್ತದೆ. ಈ ವೈರಸ್ಸು ಬಲು ಕಳ್ಳ. ಒಮ್ಮೆ ಹೊಕ್ಕರೆ ನರಗಳ ಗಂಟಿನಲ್ಲಿ ಅಡಗಿ ದನ ಸಾಯುವ ತನಕ ಅಲ್ಲೇ ಇರುತ್ತದೆ. ದನ ದಣಿದಾಗಲೋ ಬೆದರಿದಾಗಲೋ ಎದ್ದು ಮೂಗಿನ ಸಿಂಬಳದಲ್ಲಿ ಹೊರಬರುತ್ತದೆ, ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ನಾವು ಆ ಸಿಂಬಳ ತಂದು, ವೈರಸ್ಸು ಸಿಕ್ಕರೆ ಅದರ ವಂಶಾವಳಿ ಓದುತ್ತೇವೆ. ಬೀಗತನಕ್ಕೆ ಮೊದಲು ಮನೆತನ ವಿಚಾರಿಸುತ್ತಾರಲ್ಲ, ಹಾಗೆ. ಯಾವ ವೈರಸ್ಸು ಯಾವುದಕ್ಕೆ ಹತ್ತಿರದ್ದು, ಎಲ್ಲಿಂದ ಬಂದಿರಬಹುದು ಎಂದು ಅದರಿಂದ ತಿಳಿಯುತ್ತದೆ.

ಬಮ್ಮಿಗಟ್ಟಿಯ ಒಂದು ಮನೆಯಲ್ಲಿ ಒಂದೇ ತಿಂಗಳಲ್ಲಿ ಎರಡು ಆಕಳು ಕಂದು ಹಾಕಿದ್ದವು. ಊರಿನ ಪಶುವೈದ್ಯರು ಎರಡನೆಯ ಕಂದಿನ ಒಂದು ತುಂಡನ್ನು ಐಸಿನಲ್ಲಿಟ್ಟು ನನಗೆ ಫೋನು ಮಾಡಿದರು. ಮರುದಿನ ಮಧ್ಯಾಹ್ನ ಹೋದೆ. ಮನೆಯ ಯಜಮಾನಿ ನೀಲವ್ವ. ಮಗ ಹೊಲಕ್ಕೆ ಹೋಗಿದ್ದ, ಸೊಸೆ ಶಿವಲೀಲಾ ಬಾಗಿಲ ಹಿಂದೆ ನಿಂತಿದ್ದಳು. ಅತ್ತು ಅತ್ತು ಅವಳ ಮುಖ ಬಾತಿತ್ತು. ಕಾರಣ ನೀಲವ್ವನೇ ಹೇಳಿದರು.

“ಈಕಿ ಪಂಚಮಿಗೆ ನವಲಗುಂದಕ್ಕ ತವರಮನಿಗೆ ಹೋಗಿದ್ಲ್ರಿ. ಬರುವಾಗ ಅಪ್ಪ ಕೊಟ್ಟಾನಂತ ಒಂದ ಆಕಳಾ ಹೊಡಕೊಂಡ ಬಂದ್ಲು. ಅವತ್ತಿಂದನ ಸುರುವಾತ್ರಿ ಇದು. ಕಾಲ್ಗುಣ ಅಂತಾರಲ್ರಿ, ಅದು. ಬರೋ ಸಂತಿಗೆ ಆ ದನಾ ಮಾರೂದ.”

“ದನದ ಸಂಗಡ ಈಕಿನ್ನೂ ಕಳಸವರೇನ್ರಿ ಮತ್ತ?” ಎಂದೆ. ನನ್ನ ಬಾಯಿ ಅಂಥದ್ದು.

ಬಾಗಿಲ ಹಿಂದೆ ಬಳೆ ಸದ್ದಾಯಿತು. ಆ ಮಾತೂ ಮನೆಯಲ್ಲಿ ಆಗಿದೆ ಎಂದು ನನಗೆ ಆಗ ಗೊತ್ತಾಯಿತು. ನನ್ನ ಪರೀಕ್ಷೆ ಮುಗಿಯುವ ತನಕ ಏನನ್ನೂ ಮಾರಬಾರದು ಎಂದು ಗದರಿಸಿ ಕೆಲಸಕ್ಕೆ ಇಳಿದೆ.

ಮೊದಲು ದನ ಎಷ್ಟಿವೆ ಎಂದು ಕೇಳಿದೆ. ನೀಲವ್ವ ನಾಲಿಗೆ ಕಚ್ಚಿಕೊಂಡರು.

“ದನಾ ಎಣಸಬಾರ್ದ್ರಿ ಡಾಕ್ಟರಬಾಯಿ, ದೃಷ್ಟಿ ತಾಗತೈತಿ. ನಾ ಒಂದೊಂದ ಹೆಸರ ಹಿಡದ ಕರೀತೇನಿ. ನೀವು ಬರಕೋತ ಹೋಗ್ರಿ.”

ಇದು ನಮ್ಮ ಕಡೆ ಹೊಸದೇನಲ್ಲ. ಕಿವಿಯ ಬಿಲ್ಲೆಗಳು ಹೇಗೂ ಉದುರಿ ಹೋಗಿರುತ್ತವೆ, ನಾನೂ ನಳಿಕೆಗಳ ಮೇಲೆ ದನದ ಹೆಸರನ್ನೇ ಬರೆಯುವವಳು. ಕೊಟ್ಟಿಗೆಯಲ್ಲಿ ಮಬ್ಬುಬೆಳಕು. ನೀಲವ್ವ ಬಾಗಿಲಲ್ಲಿ ನಿಂತು ಹೆಸರು ಹೇಳುವುದು, ಒಂದು ದನ ತಲೆ ಹೊರಳಿಸುವುದು, ನಾನು ಮೂಗಿನಲ್ಲಿ ಕಡ್ಡಿ ಆಡಿಸಿ ನಳಿಕೆಗೆ ಹಾಕಿ ಹೆಸರು ಬರೆಯುವುದು. ಮೊದಲನೆಯದು ಗಂಗಿ, ಮನೆಯ ಹಿರಿಯ ಆಕಳು. ಕೊನೆಯದು ಮೂಲೆಯಲ್ಲಿತ್ತು, ಕಪ್ಪನೆಯದು, ಹೆಸರು ಕಾಶಿ. ಎಡಗೊಂಬು ಅರ್ಧಕ್ಕೆ ಮುರಿದಿತ್ತು. ಬೇರೆಯವೆಲ್ಲ ಕೊಸರಾಡಿದರೆ ಇದು ಸುಮ್ಮನೆ ನಿಂತು ಕೆಲಸ ಮಾಡಿಸಿಕೊಂಡಿತು. ಆಮೇಲೆ ನನ್ನ ಮುಂಗೈ ನೆಕ್ಕಿತು. ಆ ನಾಲಿಗೆಯ ಒರಟು ನನಗೆ ಈಗಲೂ ನೆನಪಿದೆ. ‘ಕಾಶಿ, ಎಡಗೊಂಬು ಮುರಿದಿದೆ’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಸೊಸೆಯ ಆಕಳನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಬಂದಂದಿನಿಂದ ಅಂಗಳದ ಬೇವಿನಮರಕ್ಕೇ ಕಟ್ಟಿದ್ದರು. ಅದರ ಹೆಸರು ಕೇಳಿದರೆ ನೀಲವ್ವ, “ಅದಕ್ಕೇನ್ ಹೆಸರ್ರಿ? ಆಕೀದು ಅಂತ ಬರಕೋರಿ” ಅಂದರು. ಹಾಗೇ ಬರೆದೆ. ಹನ್ನೆರಡು ನಳಿಕೆ ಒಯ್ದಿದ್ದೆ, ಎರಡು ಖಾಲಿ ಉಳಿದವು.

ವಾರದೊಳಗೆ ಫಲಿತಾಂಶ ಬಂತು. ಕಂದಿನ ತುಂಡಿನಲ್ಲಿ ಅದೇ ವೈರಸ್ಸು ಇತ್ತು. ಗಂಗಿಯ ನಳಿಕೆಯಲ್ಲಿ ಅದರ ಸುಳಿವು, ವಂಶಾವಳಿ ಓದಲು ಸಾಲದಷ್ಟು. ಆದರೆ ಕಾಶಿಯ ನಳಿಕೆಯಲ್ಲಿ ಧಾರಾಳವಾಗಿತ್ತು. ಓದಿಸಿ ನೋಡಿದರೆ ಕಂದಿನ ವೈರಸ್ಸಿಗೂ ಕಾಶಿಯದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ. ಸೊಸೆಯ ಆಕಳ ನಳಿಕೆಯಲ್ಲಿ ಏನೂ ಇರಲಿಲ್ಲ. ಮೂಲ ಸಿಕ್ಕಿತು ಎಂದು ಖುಷಿಯಿಂದ ಫೋನು ಮಾಡಿ, ಕಾಶಿ ಎಷ್ಟು ವರ್ಷದ್ದು ಎಂದು ಕೇಳಿದೆ. ಎತ್ತಿದವಳು ಶಿವಲೀಲಾ.

“ಯಾವ ಕಾಶಿರಿ? ನಮ್ಮಲ್ಲಿ ಆ ಹೆಸರಿಂದು ಯಾವುದೂ ಇಲ್ರಿ.” ಅವಳು ಪಕ್ಕದಲ್ಲಿದ್ದ ಗಂಡನನ್ನು ಕೇಳಿದಳು. ಆಮೇಲೆ ಗಂಡನೇ ಫೋನು ಇಸಿದುಕೊಂಡ.

“ಮೇಡಮ್ಮಾರ, ಕಾಶಿ ಅಂದ್ರ ನಮ್ಮ ಗಂಗಿ ತಾಯಿರಿ. ಅದು ಸತ್ತು ಮೂರು ವರ್ಷಾತು. ನಿಮಗ ಯಾರ ಹೇಳಿದ್ರು?”

“ಅದರ ಕೊಂಬು ಹೆಂಗಿತ್ತಪಾ?”

“ಎಡಕಿಂದು ಮುರದಿತ್ರಿ. ಚಕ್ಕಡಿಗೆ ಬಡದು.”

ನಾನು ಫೋನು ಇಟ್ಟು ಒಂದು ಲೋಟ ನೀರು ಕುಡಿದೆ. ಟಿಪ್ಪಣಿ ಪುಸ್ತಕ ತೆಗೆದೆ. ನನ್ನದೇ ಅಕ್ಷರ.

ಮರುದಿನವೇ ಬಮ್ಮಿಗಟ್ಟಿಗೆ ಹೋದೆ. ಈ ಸಲ ದೃಷ್ಟಿ ತಾಗಿದರೆ ತಾಗಲಿ ಎಂದು ಎಣಿಸಿದೆ. ಕೊಟ್ಟಿಗೆಯಲ್ಲಿ ಎಂಟು, ಬೇವಿನಮರದ ಕೆಳಗೆ ಒಂದು. ಮೂಲೆಯಲ್ಲಿ ಮೇವಿನ ಹೊರೆ ಬಿದ್ದಿತ್ತು. ಪಕ್ಕದ ಮನೆಯವರ ಆಕಳು ಬಂದಿತ್ತೇ ಎಂದರೆ ಅವರಲ್ಲಿರುವುದು ಬರೀ ಎಮ್ಮೆ. ನೀಲವ್ವನನ್ನು ಕೇಳಿದೆ.

“ನಾ ಎಂಟ ಹೆಸರಷ್ಟ ಕರದೇನ್ರಿ. ಕಾಶಿ ಸತ್ತ ಮ್ಯಾಲ ಆ ಹೆಸರ ನನ್ನ ಬಾಯಾಗ ಬಂದಿಲ್ಲ. ಬಂದ್ರ ನಂಗ ಅಳು ತಡಿಯೂದಿಲ್ಲ” ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಈಗ ನನ್ನ ತಲೆನೋವು ಬೇರೆಯೇ ಇತ್ತು. ಯಾವ ದನದ್ದೆಂದು ಹೇಳಲಾಗದ ನಳಿಕೆಯನ್ನು ಮುಂದಿಟ್ಟು ನಾನು ವರದಿ ಬರೆಯುವಂತಿಲ್ಲ. ಸೊಸೆಯ ಆಕಳ ಮೂಗು ಶುದ್ಧವಿತ್ತು ನಿಜ, ಆದರೆ ವೈರಸ್ಸು ಒಳಗೆ ಅಡಗಿರಬಹುದಲ್ಲ. ಅದಕ್ಕೇ ಒಂಬತ್ತೂ ದನಗಳ ರಕ್ತ ತೆಗೆದೆ. ವೈರಸ್ಸು ಅಡಗಿ ಕೂತರೂ ರಕ್ತದಲ್ಲಿ ಗುರುತು ಬಿಟ್ಟಿರುತ್ತದೆ. ಆ ಮೂರು ದಿನ ನನಗೆ ಊಟ ಸೇರಲಿಲ್ಲ. ಸೊಸೆಯ ಆಕಳ ರಕ್ತದಲ್ಲಿ ಗುರುತು ಕಂಡರೆ ಆ ಹುಡುಗಿಯ ಗತಿ ಏನು ಎಂದು ಅದೇ ಯೋಚನೆ.

ಗುರುತು ಇರಲಿಲ್ಲ. ಆ ಆಕಳಿಗೆ ವೈರಸ್ಸು ಎಂದೂ ತಗಲಿಯೇ ಇಲ್ಲ. ಕಂದು ಹಾಕಿದ ಎರಡರ ರಕ್ತದಲ್ಲೂ ಗುರುತಿತ್ತು, ಗಂಗಿಯದರಲ್ಲಂತೂ ಬೇಕಾದಷ್ಟು. ತಾಯಿಯಿಂದ ಎಳೆಗರುವಿದ್ದಾಗಲೇ ಬಂದದ್ದಿರಬೇಕು, ಇಷ್ಟು ವರ್ಷ ಅಡಗಿದ್ದು ಈಗ ಎದ್ದಿತ್ತು. ನನಗಾದ ನಿರಾಳ ಎಷ್ಟೆಂದರೆ ಪ್ರಯೋಗಾಲಯದ ಕುರ್ಚಿಯಲ್ಲಿ ಕೂತು ಒಬ್ಬಳೇ ನಕ್ಕೆ. ಶಿವಲೀಲಾಗೆ ಫೋನು ಮಾಡಿ ಹೇಳಿದೆ.

“ಹಂಗಾರ ನನ್ನ ಕಾಲ್ಗುಣ ಅಲ್ಲಲ್ರಿ?”

“ಕಾಲ್ಗುಣಕ್ಕ ನನ್ನ ಹತ್ರ ಟೆಸ್ಟ್ ಇಲ್ಲವ್ವಾ. ನಿನ್ನ ಆಕಳಕ್ಕ ಏನೂ ಆಗಿಲ್ಲ. ಬ್ಯಾನಿ ನಿಮ್ಮತ್ತಿ ಮನ್ಯಾಗ ನಿನಗಿಂತ ಮದಲ ಇತ್ತು.”

ಅವಳು ಅಳತೊಡಗಿದಳು. ಅಳಲಿ ಎಂದು ಫೋನು ಹಿಡಿದುಕೊಂಡೇ ಕೂತೆ.

ಮೂರು ವಾರದ ಮೇಲೆ ಎರಡನೆಯ ಸಲ ರಕ್ತ ತೆಗೆಯಲು ಹೋದಾಗ ಅತ್ತೆ ಸೊಸೆ ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಕಾಶಿಯ ನಳಿಕೆಯಲ್ಲಿ ಸಿಕ್ಕಿದ್ದನ್ನು ನೀಲವ್ವನಿಗೆ ಆವತ್ತು ಹೇಳಿದೆ. ಅವರು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟರು.

“ತಪ್ಪ ತನ್ನದ ಅಂತ ಹೇಳಾಕ ಬಂದಿತ್ತೇನ್ರಿ ಹಂಗಾರ” ಎಂದರು. ಎಂದಿನ ನಾನಾಗಿದ್ದರೆ ಗದರಿಸುತ್ತಿದ್ದೆ. ಆವತ್ತು ಸಿರಿಂಜು ತೆಗೆದು ಕೆಲಸಕ್ಕೆ ಎದ್ದೆ.

ಆಮೇಲೆ ಹೆಸರು ಕರೆಯುವುದು ಸುರುವಾಯಿತು. ಎಂಟು ಮುಗಿದ ಮೇಲೆ ನೀಲವ್ವ ಅಂಗಳಕ್ಕೆ ಬಂದು ಬೇವಿನಮರದ ಕಡೆ ತಿರುಗಿ “ಕಾಶೀ” ಎಂದು ಕರೆದರು. ಸೊಸೆಯ ಆಕಳು ತಲೆ ಹೊರಳಿಸಿತು.

ಒಂಬತ್ತು ದನಕ್ಕೆ ಹತ್ತನೆಯದಾದ ಆ ನಳಿಕೆ ಇನ್ನೂ ನನ್ನ ಫ್ರೀಜರಿನಲ್ಲಿದೆ. ಅದರಲ್ಲಿ ದನದ ಜೀವಕೋಶಗಳೂ ಇರುತ್ತವೆ. ಅವು ಆ ಒಂಬತ್ತರಲ್ಲಿ ಒಂದರದ್ದೋ ಅಲ್ಲವೋ ಎಂದು ನೋಡುವುದು ಎರಡು ದಿನದ ಕೆಲಸ. ನನ್ನ ವಿದ್ಯಾರ್ಥಿನಿಯೊಬ್ಬಳು ಮಾಡಿಕೊಡುತ್ತೇನೆ ಎಂದಳು, ಬೇಡ ಅಂದೆ. ಒಂದರದ್ದಾದರೆ ನನ್ನ ಮುಂಗೈ ನೆಕ್ಕಿದ್ದು ಯಾರು? ಅಲ್ಲವಾದರೆ ನಾಳೆಯಿಂದ ನಾನು ಯಾವ ಮುಖ ಹೊತ್ತು ಪಾಠ ಹೇಳಲಿ? ಜೀವನದಲ್ಲಿ ನಾನು ಮಾಡದೆ ಬಿಟ್ಟ ಪರೀಕ್ಷೆ ಅದೊಂದೇ.

ಮುಂದೆ ಯಾರಾದರೂ ಆ ನಳಿಕೆಯ ಮೇಲಿನ ಹೆಸರು ಓದಿದರೆ ವಿಶೇಷವೇನೂ ಕಾಣದು. ಆ ಮನೆಯಲ್ಲಿ ಕಾಶಿ ಎಂಬ ಆಕಳು ಇದೆ, ಎರಡು ಕರು ಹಾಕಿದೆ, ಯಾರನ್ನು ಕೇಳಿದರೂ ಹೇಳುತ್ತಾರೆ. ನಳಿಕೆಯ ಮೇಲೆ ನಾನು ಬರೆದ ತಾರೀಕು ಮಾತ್ರ, ಸೊಸೆಯ ಆಕಳಿಗೆ ಆ ಹೆಸರಿಡುವುದಕ್ಕಿಂತ ಒಂದು ತಿಂಗಳು ಮೊದಲಿನದು.